ರೊಪ್ಪದ ತಡಿಕೆ

ಸಂಘದ ನೋಟೀಸು ತಮಿಳಿನಲ್ಲಿ ಅಚ್ಚಾಗಿತ್ತು. ಪೊಂಗಲ್ ಕಳೆದ ಎರಡನೆಯ ಭಾನುವಾರ, ಧರ್ಮಪುರಿಯ ಕಲ್ಯಾಣಮಂಟಪದಲ್ಲಿ ಕುರಿ ಸಾಕುವ ಸಮುದಾಯದವರ ಸಮ್ಮೇಳನ. ವಿಷಯ, ವ್ಯಾಪಾರಕ್ಕೆ ಸೋಶಿಯಲ್ ಮೀಡಿಯಾ ಮತ್ತು ಹೊಸ ಮಾಧ್ಯಮ. ಮೇನಕಾ ಅದನ್ನು ತಮಿಳು ಓದಲು ಬಾರದ ಅತ್ತೆ ಮಾವನಿಗೆ ಮನೆಮಾತಾದ ಕನ್ನಡದಲ್ಲಿ ಬಿಡಿಸಿ ಹೇಳಿದಳು.

"ಕುರಿ ಮಾರಕ್ಕೆ ಮೀಟಿಂಗ್ ಬೇಕಾ?" ಅಂದ ಮಾವ ತಿಮ್ಮರಾಯಪ್ಪ. "ಮೇಚೇರಿ ಸಂತೆಗೆ ಒಡ್ಕೊಂಡ್ ಓದ್ರೆ ತಾನೇ ಮಾರ್ಕೊಂತೈತೆ."

"ಊಟ ಆಕ್ತಾರಂತಾ?" ಅತ್ತೆ ಲಕ್ಷ್ಮಕ್ಕ ಕೇಳಿದಳು.

"ಆಕ್ತಾರೆ ಅತ್ತೆ. ಬಿರಿಯಾನಿ."

"ಯಾರ ಮರೀನೋ ಪಾಪ," ಅಂದಳು ಲಕ್ಷ್ಮಕ್ಕ.

ಮೇನಕಾ ನಗಲಿಲ್ಲ. ಅವಳು ಬಿ.ಕಾಂ. ಓದಿದವಳು. ಮದುವೆಯಾಗಿ ಹತ್ತು ವರ್ಷವಾಗಿತ್ತು. ಗಂಡ ಗೋವಿಂದರಾಜ್ ಓಮಲೂರಿನ ಹತ್ತಿರ ಜವ್ವರಿಸಿ, ಅಂದರೆ ಸಬ್ಬಕ್ಕಿ, ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಬೆಳಗಿನ ಆರರ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಮಗಳು ಶಿವಲಕ್ಷ್ಮಿ ಮೂರನೆಯ ಕ್ಲಾಸು. ಉಳಿದ ಹಗಲೆಲ್ಲ ಮೇನಕಾಳ ಪಾಲಿಗೆ ಒಲೆ, ನೀರು, ಮರಿಗಳ ಮೇವು. ಅವಳ ಓದನ್ನು ಮನೆಯಲ್ಲಿ ಯಾರೂ ಹೀಯಾಳಿಸಿದವರಲ್ಲ. ಆದರೆ ಕರೆಂಟ್ ಬಿಲ್ ಕಟ್ಟುವುದಕ್ಕೆ, ರೇಷನ್ ಕಾರ್ಡಿಗೆ ಅರ್ಜಿ ಬರೆಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅದು ಯಾರಿಗೂ ಬೇಕಾಗಿರಲಿಲ್ಲ.

ಅವಳು ಒಬ್ಬಳೇ ಹೋದಳು. ಮಂಟಪದಲ್ಲಿ ಮುನ್ನೂರು ಜನ ಇದ್ದಿರಬೇಕು. ಮುಂದಿನ ಸಾಲುಗಳಲ್ಲಿ ಹುಡುಗರು, ಹಿಂದೆ ತಲೆಗೆ ಟವೆಲ್ ಸುತ್ತಿದ ಹಿರಿಯರು. ಕೊಯಮತ್ತೂರಿನಿಂದ ಬಂದಿದ್ದ ತರಬೇತಿದಾರ ತಮಿಳಿನಲ್ಲಿ ಮಾತಾಡಿದ. ಗಿರಾಕಿ ನಿಮ್ಮನ್ನು ನೋಡಿದವನಲ್ಲ, ಅವನಿಗೆ ಮನೆಯವರ ಮುಖ ತೋರಿಸಿ, ಎಷ್ಟು ಕುರಿ ಇವೆ ಅಂತ ಬಾಯಿಬಿಟ್ಟು ಹೇಳಿ, ಒಳಕ್ಕೆ ಕರೆದು ತೋರಿಸಿ, ಮುಚ್ಚಿಟ್ಟರೆ ಅನುಮಾನ ಬರುತ್ತದೆ, ಅಂದ.

ಹಿಂದಿನ ಸಾಲಿನಿಂದ ಓಮಲೂರು ಕಡೆಯ ಹನುಮಂತರಾಯಪ್ಪ ಅನ್ನುವ ಮುದುಕ ಎದ್ದು ನಿಂತ. "ತಂಬೀ, ನಮ್ಮಲ್ಲಿ ಕುರಿ ಎಣಿಸಿ ಯೋಳಲ್ಲಪ್ಪ. ಎಣಿಸಿದ್ರೆ ಕಡ್ಮೆ ಆಗ್ತವೆ."

ತರಬೇತಿದಾರನಿಗೆ ಕನ್ನಡ ಬಾರದು. ಸಂಘದ ಕಾರ್ಯದರ್ಶಿ ಕುಪ್ಪಸ್ವಾಮಿ ಮೈಕ್ ತೆಗೆದುಕೊಂಡು ತಮಿಳಿನಲ್ಲಿ ಹೇಳಿದಾಗ ಮುಂದಿನ ಸಾಲುಗಳು ನಕ್ಕವು. ಮುದುಕನೂ ನಕ್ಕು ಕೂತ. ಊಟವಾದ ಮೇಲೆ ಕುಪ್ಪಸ್ವಾಮಿ ಎಲ್ಲರ ಫೋನಿಗೂ ಒಂದು ಪಟ್ಟಿ ಕಳಿಸಿದ. ಎರಡು ಜಿಲ್ಲೆಯಲ್ಲಿ ಕುರಿ ಸಾಕುವ ನಲವತ್ತೆರಡು ಮನೆಗಳ ಹೆಸರು, ಊರು, ನಂಬರು.

"ನೀನು ಓದಿದ್ದೀಯಮ್ಮ," ಅಂದ ಅವನು ಮೇನಕಾಳಿಗೆ. "ನೀನು ಮಾಡಿ ತೋರಿಸಿದ್ರೆ ನಾಲ್ಕು ಜನ ಕಲೀತಾರೆ."

ಅಷ್ಟು ಹೇಳಿದವರು ಅವಳಿಗೆ ಬಹಳ ದಿನದಿಂದ ಯಾರೂ ಇರಲಿಲ್ಲ.

* * *

ವಿಡಿಯೋಗೆ ಲಕ್ಷ್ಮಕ್ಕನನ್ನು ಒಪ್ಪಿಸಲು ಒಂದು ವಾರ ಹಿಡಿಯಿತು.

"ನನ್ ಮುಸುಡಿ ಯಾರ್ ನೋಡ್ತಾರೆ? ಹಲ್ಲಿಲ್ಲ, ಏನಿಲ್ಲ."

"ಪಾಟೀ, ಸೂಪರ್ ಆ ಇರುಕ್ಕುಂ," ಅಂದಳು ಶಿವಲಕ್ಷ್ಮಿ, ಚೆನ್ನಾಗಿರುತ್ತೆ ಅಜ್ಜೀ ಅಂತ. ಅಜ್ಜಿಯೊಡನೆ ಜಗಳವನ್ನಷ್ಟೇ ಅವಳು ಕನ್ನಡದಲ್ಲಿ ಆಡುತ್ತಿದ್ದಳು, ಉಳಿದದ್ದೆಲ್ಲ ತಮಿಳು.

ಕುರಿ ಕೂಡುವ ರೊಪ್ಪ ಮನೆಯ ಹಿಂದೆ ಇತ್ತು. ಎದೆಯೆತ್ತರದ ಕಲ್ಲುಗೋಡೆ, ಅದರ ಮೇಲೆ ಮುಳ್ಳು, ಬಾಗಿಲ ಜಾಗದಲ್ಲಿ ಮುಳ್ಳು ಹೆಣೆದ ತಡಿಕೆ. ಹಗಲು ದೊಡ್ಡ ಕುರಿಗಳು ತಿಮ್ಮರಾಯಪ್ಪನೊಡನೆ ಮೇಯಲು ಹೋದರೆ ಮರಿಗಳು ಒಳಗೇ ಇರುತ್ತಿದ್ದವು. ಹೊರಗಿನ ಕುರಿ ಒಳಕ್ಕೆ ಬರುವಂತಿಲ್ಲ. ಹೊಸದಾಗಿ ಕೊಂಡದ್ದಾದರೂ ಒಂದು ಅಮಾವಾಸ್ಯೆ ಕಳೆಯುವ ತನಕ ಹುಣಸೆಮರದ ಕೆಳಗೆ ಬೇರೆ ಕಟ್ಟುವುದು. ಯಾಕೆ ಎಂದು ಮೇನಕಾ ಮದುವೆಯಾದ ಹೊಸದರಲ್ಲಿ ಕೇಳಿದ್ದಕ್ಕೆ ತಿಮ್ಮರಾಯಪ್ಪ, "ನಮ್ಮಪ್ಪ ಅಂಗೇ ಕಟ್ತಿದ್ದ," ಅಂದಿದ್ದ. ಎಣಿಸಿ ಹೇಳದಿರುವುದಕ್ಕೂ ಅದೇ ಉತ್ತರ. ಹಾಗಾಗಿ ಅವಳ ಮನಸ್ಸಿನಲ್ಲಿ ಎರಡೂ ಒಂದೇ ಜಾತಿಯವಾಗಿ ಉಳಿದವು.

ವಿಡಿಯೋದಲ್ಲಿ ಲಕ್ಷ್ಮಕ್ಕ ಒಂದು ಮರಿಯನ್ನು ಎತ್ತಿಕೊಂಡು ಅದರ ಕಿವಿ, ಹಲ್ಲು, ಗೊರಸು ತೋರಿಸಿ ಮಾತಾಡಿದಳು. ನಡುವೆ ಮೇನಕಾ ಕೇಳಿದಳು, "ಒಟ್ಟು ಎಷ್ಟವೆ ಅತ್ತೆ?"

"ಅವೆ. ದ್ಯಾವ್ರು ಕೊಟ್ಟಷ್ಟು."

"ಹಂಗಲ್ಲ ಅತ್ತೆ, ಒಂದ್ಸಲ ಹೇಳಿ. ಅಲ್ಲಿ ಹೇಳಿಕೊಟ್ಟವ್ರೆ, ನಂಬರ್ ಹೇಳ್ದಿದ್ರೆ ಜನ ನಂಬಲ್ಲ. ನನಗೋಸ್ಕರ."

ಲಕ್ಷ್ಮಕ್ಕ ಹಿಂದೆ ತಿರುಗಿ ನೋಡಿದಳು. ಗಂಡ ಇರಲಿಲ್ಲ. "ತೊಂಬತ್ತಾರು," ಅಂದು ನಾಲಿಗೆ ಕಚ್ಚಿಕೊಂಡಳು. ಆ ನಾಲಿಗೆ ಕಚ್ಚಿಕೊಂಡದ್ದೂ ಸೇರಿ ವಿಡಿಯೋ ನಾಲ್ಕು ದಿನದಲ್ಲಿ ನಲವತ್ತು ಸಾವಿರ ಜನರನ್ನು ಮುಟ್ಟಿತು.

ರಾತ್ರಿ ಊಟಕ್ಕೆ ಕೂತಾಗ ಗೋವಿಂದರಾಜ್ ಫೋನನ್ನು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟ. ತಿಮ್ಮರಾಯಪ್ಪ ಮುದ್ದೆ ಮುರಿಯುತ್ತಲೇ ನೋಡಿದ. ಸಂಖ್ಯೆ ಬಂದಾಗ ಕೈ ನಿಂತಿತು.

"ಎಣಿಸ್ಬಿಟ್ಟೆಯಾ ಲಕ್ಷ್ಮೀ."

"ಸೊಸೆ ಕೇಳಿದ್ಳು," ಅಂದಳು ಲಕ್ಷ್ಮಕ್ಕ.

"ಬಿಡಪ್ಪೋ, ಫ್ಯಾಕ್ಟರೀಲಿ ಎಲ್ಲಾರೂ ಅಮ್ಮನ್ ವಿಷ್ಯಾನೇ ಕೇಳ್ತವ್ರೆ," ಅಂದ ಗೋವಿಂದರಾಜ್. "ನಮ್ ಮ್ಯಾನೇಜರ್‌ಗೆ ಒಂದು ಟಗರು ಬೇಕಂತೆ."

ತಿಮ್ಮರಾಯಪ್ಪ ಹುರುಳಿ ಸಾರು ಇನ್ನಷ್ಟು ಹಾಕಿಸಿಕೊಂಡ. ಆ ವಾರ ಸಂತೆಗೆ ಹೋಗದೆಯೇ ಆರು ಟಗರು ಮಾರಾಟವಾದವು.

* * *

ಸುರೇಶ್ ಅನ್ನುವ ವ್ಯಾಪಾರಿ ಬಂದದ್ದು ಒಂದು ಮಂಗಳವಾರ, ಬಿಸಿಲು ಏರಿದ ಹೊತ್ತು. ಸಣ್ಣ ವ್ಯಾನು, ಅದರಲ್ಲಿ ಬೇರೆಲ್ಲೋ ಕೊಂಡ ನಾಲ್ಕು ಕುರಿ. ಎರಡು ಕಂದು, ಎರಡು ಕರಿಯವು. ತಿಮ್ಮರಾಯಪ್ಪ ಮಂದೆಯೊಡನೆ ಗುಡ್ಡದ ಮೇಲೆ, ಲಕ್ಷ್ಮಕ್ಕ ರೇಷನ್ ಅಂಗಡಿಯಲ್ಲಿ.

"ಅಕ್ಕಾ, ವೀಡಿಯೋ ನೋಡಿ ಬಂದೆ. ಮರಿ ನೋಡ್ಬೋದಾ?" ತಮಿಳಿನಲ್ಲಿ ಕೇಳಿದ. "ಇವು ಬಿಸಿಲಿಗೆ ಏದುಸಿರು ಬಿಡ್ತವೆ. ಒಂದರ್ಧ ಗಂಟೆ ನೆರಳಲ್ಲಿ ಬಿಡ್ತೀನಿ, ನೀರು ಕುಡೀಲಿ."

ಹುಣಸೆಮರದ ನೆರಳಿತ್ತು. ಮೇನಕಾ ಅತ್ತ ನೋಡಿದಳು ಕೂಡ. ಆದರೆ ನಮ್ಮ ಮೇಚೇರಿ ಕುರಿಯ ಪಕ್ಕದಲ್ಲಿ ಬೇರೆ ತಳಿ ನಿಲ್ಲಿಸಿ ವ್ಯತ್ಯಾಸ ತೋರಿಸಿದರೆ ಮುಂದಿನ ವಿಡಿಯೋ ಆಗುತ್ತದೆ ಅನ್ನಿಸಿತು. ಅವಳೇ ತಡಿಕೆ ಎಳೆದಳು. ನಾಲ್ಕೂ ಒಳಗೆ ಬಂದು ಮರಿಗಳ ತೊಟ್ಟಿಗೆ ಬಾಯಿ ಹಾಕಿದವು. ಒಂದರ ಮೂಗಿನಲ್ಲಿ ನೀರು ಸುರಿಯುತ್ತಿತ್ತು. ಧೂಳು ಅಂದ ಸುರೇಶ್. ಅವಳು ವಿಡಿಯೋ ಮಾಡಿಕೊಂಡಳು.

ಅವನು ಹೊರಡುವಾಗ ಕೇಳಿದ, "ನಿಮ್ಮವರು ಇನ್ನೂ ಯಾರಾದ್ರೂ ಅವ್ರಾ ಅಕ್ಕಾ, ಈ ಥರ ಮರಿ ಇರೋರು?"

ಅವಳು ಸಂಘದ ಪಟ್ಟಿಯನ್ನು ಹಾಗೇ ಅವನ ಫೋನಿಗೆ ಕಳಿಸಿದಳು. ನಾಲ್ಕು ಜನಕ್ಕೆ ಉಪಕಾರವಾಗಲಿ ಎಂದೇ ಕಳಿಸಿದ್ದು.

ಮುಂದಿನ ಸೋಮವಾರ ಎರಡು ಮರಿ ಮೇವು ಮುಟ್ಟಲಿಲ್ಲ. ಬುಧವಾರ ಎಂಟು. ಮೂಗು ಕಟ್ಟಿ, ಬಾಯಲ್ಲಿ ಹುಣ್ಣಾಗಿ, ಹಿಂದಿನ ಕಾಲು ತುಂಬ ಭೇದಿ. ಲಕ್ಷ್ಮಕ್ಕ ಅನ್ನದ ಗಂಜಿ ಬಸಿದು, ಒಂದೊಂದನ್ನೂ ತೊಡೆಯ ಮೇಲೆ ಮಲಗಿಸಿಕೊಂಡು, ಬೆರಳಿಗೆ ಅದ್ದಿ ನೆಕ್ಕಿಸಿದಳು. ಮೊದಲ ಮರಿ ಅವಳ ಮಡಿಲಲ್ಲೇ ಹೋಯಿತು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದು ಕಣ್ಣರೆಪ್ಪೆ ಬಿಡಿಸಿ ನೋಡಿದಳು, ಬಾಯಿ ತೆರೆಸಿ ನೋಡಿದಳು. ಕುರಿಯಿಂದ ಕುರಿಗೆ ಹರಡುವ ಹಿರೇಬೇನೆ ಇರಬಹುದು, ದೊಡ್ಡವಕ್ಕೆ ಲಸಿಕೆ ಆಗಿರುವುದರಿಂದ ಉಳಿಯಬಹುದು, ಮರಿಗಳದು ಹೇಳಲಾಗದು, ಅಂದಳು. ಅಂಗಳದಲ್ಲಿ ಕೈ ತೊಳೆದುಕೊಳ್ಳುತ್ತ ಕೇಳಿದಳು, "ಹೊರಗಿನ ಕುರಿ ಏನಾದರೂ ಒಳಗೆ ಬಂದಿತ್ತಾ? ಹತ್ತು ಹದಿನೈದು ದಿನದಲ್ಲಿ?"

"ನಮ್ ರೊಪ್ಪಕ್ಕಾ?" ತಿಮ್ಮರಾಯಪ್ಪನ ದನಿ ಏರಿತು. "ನಮ್ ತಾತನ ಕಾಲದಿಂದ ಬಂದಿಲ್ಲಮ್ಮ."

ಚೊಂಬು ಹಿಡಿದು ನೀರು ಬಿಡುತ್ತಿದ್ದವಳು ಮೇನಕಾ. ಅವಳು ನೀರು ಬಿಡುತ್ತಲೇ ಇದ್ದಳು. ಲಕ್ಷ್ಮಕ್ಕ ಬಾಗಿಲಿಗೆ ಒರಗಿ ಸೊಸೆಯ ಕಡೆ ನೋಡುತ್ತ ನಿಂತಿದ್ದಳು.

ಡಾಕ್ಟರಮ್ಮನ ಜೀಪು ಹೋದ ಮೇಲೆ ತಿಮ್ಮರಾಯಪ್ಪ ಹೆಂಡತಿಯ ಕಡೆ ತಿರುಗಿದ. "ಎಣಿಸಿ ಯೋಳಿದ್ಯಲ್ಲ. ಊರಿಗೆಲ್ಲ ಯೋಳಿದ್ಯಲ್ಲ. ಈಗ ಎಣಿಸು."

"ನಂದೇ ತಪ್ಪು," ಅಂದಳು ಲಕ್ಷ್ಮಕ್ಕ.

* * *

ಅಲ್ಲಿಂದಾಚೆ ಮನೆಯಲ್ಲಿ ಮಾತು ಕಡಿಮೆಯಾಯಿತು. ತಿಮ್ಮರಾಯಪ್ಪ ಹೆಂಡತಿ ಬಡಿಸಿದರೆ ತಟ್ಟೆ ಸರಿಸುತ್ತಿದ್ದ. ಮೇನಕಾಳೇ ಬಡಿಸಬೇಕು. ಲಕ್ಷ್ಮಕ್ಕ ಎಲ್ಲರದ್ದೂ ಆದ ಮೇಲೆ ಪಾತ್ರೆ ತೊಳೆಯುವ ಕಡೆ ಕೂತು ಎರಡು ತುತ್ತು ತಿಂದರೆ ತಿಂದಳು, ಇಲ್ಲವಾದರೆ ಇಲ್ಲ. ಬೆಳಗ್ಗೆ ರೊಪ್ಪ ಗುಡಿಸುವುದು, ಹಿಕ್ಕೆ ಒಂದು ಕಡೆ ಸುಡುವುದು, ಸತ್ತ ಮರಿಯನ್ನು ಸುಣ್ಣ ಹಾಕಿ ಹೂಳುವುದು, ಎಲ್ಲ ಅವಳದೇ. ಸತ್ತವನ್ನು ಎಣಿಸಬಾರದು ಎಂಬ ಕಟ್ಟಳೆ ಇರಲಿಲ್ಲ. ಹದಿಮೂರಾಯಿತು.

"ಅತ್ತೆ, ನಂಬರ್ ಹೇಳಿದ್ದಕ್ಕೆ ಯಾವ ರೋಗಾನೂ ಬರಲ್ಲ," ಅಂದಳು ಮೇನಕಾ ಒಂದು ದಿನ, ಪಾತ್ರೆ ತಿಕ್ಕುತ್ತ.

"ಮತ್ತೆ ಯಾತಕ್ಕೆ ಬಂತು?"

ಮೇನಕಾ ಬೂದಿ ಉಜ್ಜುತ್ತಲೇ ಇದ್ದಳು. ಲಕ್ಷ್ಮಕ್ಕ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು ಗಂಜಿ ಬಸಿಯಲು ಹೋದಳು.

ಗೋವಿಂದರಾಜನಿಗೆ ಮೇನಕಾ ನಿಜ ಹೇಳಿದ್ದಳು. ಅವನು ತಲೆ ಮೇಲೆ ಕೈ ಹೊತ್ತು ಕೂತ. "ನೀನ್ ಓದಿದವಳಾ? ಅಪ್ಪನಿಗೆ ಗೊತ್ತಾದ್ರೆ ಈ ಮನೇಲಿ ನಿನ್ ಕೈಯಿಂದ ನೀರು ಕುಡಿಯಲ್ಲ. ಬಾಯ್ ಮುಚ್ಕೊಂಡಿರು. ಅಮ್ಮನ್ನ ನಾಲ್ಕ್ ದಿನ ಬೈತಾನೆ, ಸರಿ ಓಗ್ತೈತೆ."

"ಅತ್ತೆ ಊಟ ಬಿಟ್ಟವ್ರೆ."

"ತಿಂತಾಳೆ. ಹಸಿವಾದ್ರೆ ತಿಂತಾಳೆ."

ಆ ವಾರವೇ ಕುಪ್ಪಸ್ವಾಮಿ ಫೋನ್ ಮಾಡಿದ. ಎರಡನೆಯ ಸಮ್ಮೇಳನ ಓಮಲೂರಿನಲ್ಲಿ, ಬರುವ ಭಾನುವಾರ. ವೇದಿಕೆ ಮೇಲೆ ಮೇನಕಾ ಹತ್ತು ನಿಮಿಷ ಮಾತಾಡಬೇಕು, ಹೇಗೆ ಶುರು ಮಾಡಿದೆ, ಹೇಗೆ ಗೆದ್ದೆ.

"ಅಣ್ಣಾ, ನಮ್ ಮರಿಗಳು ಸಾಯ್ತಾ ಅವೆ."

"ಅಯ್ಯೋ ಪಾಪ. ಅದ್ನ ಅಲ್ಲಿ ಯೋಳಬ್ಯಾಡಮ್ಮ. ಕಾಯಿಲೆ ಅಂದ್ರೆ ಯಾರೂ ನಮ್ಮವರ ಅತ್ರ ಕೊಳ್ಳಲ್ಲ. ವೀಡಿಯೋ ವಿಷ್ಯ ಅಷ್ಟೇ ಯೋಳು."

ಅವಳು ಹೂಂ ಅಂದಳು. ಮೂರು ಪುಟ ತಮಿಳಿನಲ್ಲಿ ಬರೆದುಕೊಂಡಳು. ಎಲ್ಲವೂ ಸರಿಯಾದ ಮಾತುಗಳೇ, ಒಂದರಲ್ಲೂ ಸುಳ್ಳಿರಲಿಲ್ಲ.

ಭಾನುವಾರ ಬೆಳಗ್ಗೆ ಗೋವಿಂದರಾಜನಿಗೆ ರಜೆ. ಅಪ್ಪ ಮಗ ಇಬ್ಬರೂ ಗಂಜಿಗೆ ಕೂತಿದ್ದರು. ಮೇನಕಾ ಸೀರೆ ಉಟ್ಟು ಓಮಲೂರಿಗೆ ಹೊರಡಲು ಸಿದ್ಧಳಾಗಿದ್ದಳು. ಲಕ್ಷ್ಮಕ್ಕ ಉಪ್ಪಿನಕಾಯಿ ತಂದು ಗಂಡನ ಮುಂದಿಟ್ಟಳು. ಅವನು ಬಟ್ಟಲನ್ನು ಬೆರಳಿನಿಂದ ದೂರ ತಳ್ಳಿದ. ಅದು ಮಗುಚಿ ಎಣ್ಣೆ ನೆಲದ ಮೇಲೆ ಹರಿಯಿತು. ಲಕ್ಷ್ಮಕ್ಕ ಸೆರಗಿನಿಂದಲೇ ಒರೆಸಲು ಬಗ್ಗಿದಳು.

"ಮಾವ," ಅಂದಳು ಮೇನಕಾ. "ಅತ್ತೆಯಿಂದ ಅಲ್ಲ. ನಾನು. ಮೂರು ವಾರದ ಕೆಳಗೆ ಒಂದು ಮಂಗಳವಾರ ಒಬ್ಬ ವ್ಯಾನ್ ತಂದಿದ್ದ. ಅವನ ಕುರಿ ನಾಲ್ಕು ನಾನೇ ರೊಪ್ಪದೊಳಕ್ಕೆ ಬಿಟ್ಟೆ. ವೀಡಿಯೋ ಮಾಡಕ್ಕೆ."

"ಸುಮ್ನಿರೇ," ಅಂದ ಗೋವಿಂದರಾಜ್.

"ಒಂದಕ್ಕೆ ಮೂಗು ಸುರೀತಿತ್ತು. ನೋಡಿದ್ದೆ."

ತಿಮ್ಮರಾಯಪ್ಪ ಅವಳನ್ನು ನೋಡಲಿಲ್ಲ. ಹೆಂಡತಿಯನ್ನು ನೋಡಿದ. ಲಕ್ಷ್ಮಕ್ಕ ನೆಲ ಒರೆಸುವುದನ್ನು ನಿಲ್ಲಿಸಿರಲಿಲ್ಲ.

"ನಿನಗೆ ಗೊತ್ತಿತ್ತಾ?"

"ತಡಿಕೆ ಮುಳ್ಳಿಗೆ ಕರೀ ಉಣ್ಣೆ ಸಿಕ್ಕೊಂಡಿತ್ತು," ಅಂದಳು ಲಕ್ಷ್ಮಕ್ಕ. "ನಮ್ಮವು ಕೆಂದವು, ಉಣ್ಣೆ ಇಲ್ದವು. ಗುಡಿಸೋವಾಗ ನೋಡ್ದೆ."

"ಯಾಕ್ ಯೋಳ್ಲಿಲ್ಲ?"

"ಎಣಿಸಿದ್ದು ನಾನೇ ಅಲ್ವಾ? ಅದರಿಂದ ಬಂತೋ, ಇದರಿಂದ ಬಂತೋ, ನಾನೇನ್ ಡಾಕ್ಟ್ರಾ? ನಾನು ಮುದುಕಿ, ಬೈಸ್ಕೊಂಡಿರ್ತೀನಿ. ಅವಳು ಇನ್ನಾ ಎಷ್ಟ್ ವರ್ಷ ನಿನ್ ಮುಂದೆ ಓಡಾಡ್ಬೇಕು?" ಎಣ್ಣೆಯಾದ ಸೆರಗನ್ನು ಮುದುರಿಕೊಂಡು ಹೇಳಿದಳು, "ಅವಳೇ ಯೋಳ್ಲಿ ಅಂತಾನೂ ಇತ್ತು."

ಮೇನಕಾ ಬೈಗುಳ ಬರಲೆಂದು ಕಾದಳು. ತಿಮ್ಮರಾಯಪ್ಪ ಗಂಜಿಯ ತಟ್ಟೆಯಲ್ಲೇ ಕೈ ತೊಳೆದ.

"ಆ ವ್ಯಾನಿನವನು ಇಲ್ಲಿಂದ ಯಾರ್ ರೊಪ್ಪಕ್ಕೆ ಓದ?"

ಅವಳು ಆ ಪ್ರಶ್ನೆಯನ್ನು ಈ ಮೂರು ವಾರದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. "ಗೊತ್ತಿಲ್ಲ ಮಾವ. ಸಂಘದ ಪಟ್ಟಿ ಪೂರ್ತಿ ನಾನೇ ಅವನಿಗೆ ಕಳಿಸಿದೆ."

"ಎಷ್ಟ್ ಮನೆ?"

"ನಲವತ್ತೆರಡು."

"ಆ ಮೀಟಿಂಗ್‌ಗೆ ಇವತ್ತು ಅವರೆಲ್ಲ ಬರ್ತಾರಾ?"

"ಬಹಳ ಜನ ಬರ್ತಾರೆ."

ತಿಮ್ಮರಾಯಪ್ಪ ಎದ್ದು ಗೂಟದಿಂದ ಟವೆಲ್ ತೆಗೆದುಕೊಂಡ. ಗೋವಿಂದರಾಜ್ ಬಾಗಿಲಿಗೆ ಅಡ್ಡ ನಿಂತ. "ಅಪ್ಪಾ, ಅಲ್ಲಿ ಯೋಳಿದ್ರೆ ನಮ್ ಕಡೆಯಿಂದ ಒಂದ್ ಮರೀನೂ ಮಾರಕ್ಕಾಗಲ್ಲ. ಯಾರೂ ನಮ್ಮನೆಗೆ ಬರಲ್ಲ. ಮಾನ ಓಗ್ತೈತೆ."

"ಬರೋದ್ ಬ್ಯಾಡ," ಅಂದ ತಿಮ್ಮರಾಯಪ್ಪ. "ಸರಿ, ಆಕಡೆ ನಿಂತ್ಕೋ. ಬಸ್ ಓಗ್ತೈತೆ."

* * *

ಬಸ್ಸಿನಲ್ಲಿ ತಿಮ್ಮರಾಯಪ್ಪ ಮುಂದಿನ ಸೀಟಿನಲ್ಲಿ ಕೂತ, ಮೇನಕಾ ಹೆಂಗಸರ ಕಡೆ. ಧರ್ಮಪುರಿಯಲ್ಲಿ ಬಸ್ ಬದಲಿಸಿದರು. ಅವನು ಟೀ ಕುಡಿದು ಅವಳಿಗೂ ಒಂದು ಲೋಟ ತರಿಸಿಕೊಟ್ಟ, ಅಷ್ಟೇ.

ಓಮಲೂರಿನ ಮಂಟಪದಲ್ಲಿ ಅವಳ ಫೋಟೋ ಇರುವ ಬ್ಯಾನರ್ ಕಟ್ಟಿದ್ದರು. ಕುಪ್ಪಸ್ವಾಮಿ ಕೈಮುಗಿದು ವೇದಿಕೆಗೆ ಕರೆದ. ತಿಮ್ಮರಾಯಪ್ಪ ಹಿಂದಿನ ಸಾಲಿಗೆ ಹೋಗಿ ಟವೆಲ್ ಹಾಸಿಕೊಂಡು ಕೂತ. ದೊಡ್ಡ ಪರದೆಯ ಮೇಲೆ ಲಕ್ಷ್ಮಕ್ಕನ ವಿಡಿಯೋ ಬಂತು. ಜನ ಚಪ್ಪಾಳೆ ತಟ್ಟಿದರು, ನಾಲಿಗೆ ಕಚ್ಚಿಕೊಂಡಾಗ ನಕ್ಕರು.

ಮೇನಕಾ ಮೂರು ಪುಟವನ್ನು ಮಡಿಚಿ ಹಿಡಿದು ಮೈಕಿನ ಮುಂದೆ ನಿಂತಳು. ಮೊದಲ ಮಾತು ತಮಿಳಿನಲ್ಲೇ ಬಂತು. ಅಷ್ಟಕ್ಕೆ ನಿಲ್ಲಿಸಿ ಮನೆಯಲ್ಲಿ ಆಡುವ ಕನ್ನಡಕ್ಕೆ ಬಂದಳು.

"ನಾನು ಗೆದ್ದ ಕಥೆ ಯೋಳಕ್ಕೆ ಕರೆದವ್ರೆ. ಅದು ಆಮೇಲೆ. ಸುರೇಶ್ ಅಂತ ಒಬ್ಬ, ಸಣ್ಣ ವ್ಯಾನು, ಮರಿ ಕೊಳ್ಳಕ್ಕೆ ಬರ್ತಾನೆ. ಅವನ ಕುರೀನ ನಾನು ನಮ್ ರೊಪ್ಪದೊಳಕ್ಕೆ ಬಿಟ್ಟೆ. ನಮ್ಮವು ಹದಿಮೂರು ಮರಿ ಸತ್ತವು. ಡಾಕ್ಟ್ರಮ್ಮ ಹಿರೇಬೇನೆ ಇರಬೌದು ಅಂದವ್ರೆ. ನಿಮ್ಮೆಲ್ಲರ ನಂಬರು ಅವನಿಗೆ ಕೊಟ್ಟವಳೂ ನಾನೇ."

ಕುಪ್ಪಸ್ವಾಮಿ ಪಕ್ಕಕ್ಕೆ ಬಂದು, "ಸಾಕಮ್ಮ, ಸಾಕು," ಎನ್ನುತ್ತ ಮೈಕಿಗೆ ಕೈ ಹಾಕಿದ.

"ಬಿಡ್ಲಾ ಮೈಕ!" ಹಿಂದಿನಿಂದ ತಿಮ್ಮರಾಯಪ್ಪನ ದನಿ. ಗುಡ್ಡದಾಚೆಯ ಕುರಿ ಕರೆಯುವ ದನಿ ಅದು. ಕುಪ್ಪಸ್ವಾಮಿ ಕೈ ತೆಗೆದ.

"ಅವನು ನಿಮ್ಮನೆಗೆ ಬಂದಿದ್ರೆ, ಮರಿ ಕೆಮ್ಮಿದ್ರೆ, ಬೇರೆ ಮಾಡಿ," ಅಂದಳು ಮೇನಕಾ. "ಬಂದಿಲ್ದಿದ್ರೆ ತಡಿಕೆ ತೆಗೀಬ್ಯಾಡಿ. ಅಷ್ಟೇ ನಾನು ಯೋಳಕ್ಕೆ ಬಂದಿದ್ದು."

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಎದ್ದು, "ನಮ್ಮೂರಿಗೆ ಇವತ್ತು ಬರ್ತೀನಿ ಅಂದವ್ನೆ!" ಎಂದು ಕೂಗಿ ಫೋನ್ ಕಿವಿಗೆ ಹಿಡಿದು ಹೊರಗೆ ಓಡಿದ. ಇನ್ನೊಬ್ಬ ಎದ್ದ. ಆಮೇಲೆ ಸಾಲಿಗೆ ಸಾಲೇ. ತಮಿಳಿನಲ್ಲಿ, ಕನ್ನಡದಲ್ಲಿ, ಎಲ್ಲರೂ ತಮ್ಮ ತಮ್ಮ ಮನೆಗೆ ಕೂಗುತ್ತಿದ್ದರು. ಬಾಗಿಲ ಹತ್ತಿರ ಯಾರೋ ಅವಳ ಕಡೆ ಕೈ ತೋರಿಸಿ ಗಟ್ಟಿಯಾಗಿ ಬೈದರು. "ಓದಿದವಳಂತೆ, ಮನೆ ಹಾಳ್ ಮಾಡಿದ್ಳು." ಅವಳು ಕೇಳಿಸಿಕೊಂಡಳು. ವೇದಿಕೆಯಿಂದ ಇಳಿದಳು.

ಮೆಟ್ಟಿಲ ಬುಡದಲ್ಲಿ ಹನುಮಂತರಾಯಪ್ಪ ನಿಂತಿದ್ದ, ಆ ದಿನ ಎಣಿಸಿ ಹೇಳಬಾರದು ಅಂದಿದ್ದ ಮುದುಕ. ಕಣ್ಣು ಕೆಂಪಾಗಿದ್ದವು.

"ಶುಕ್ರವಾರಕ್ಕೆ ಒಂದ್ ವಾರ ಆಯ್ತು, ಅವನು ನಮ್ಮನೆಗೆ ಬಂದು. ಮೂರ್ ದಿವ್ಸದಿಂದ ನಮ್ಮವು ಕೆಮ್ತಾ ಅವೆ. ಧೂಳಿಗೆ ಅನ್ಕೊಂಡೆ."

ಮೇನಕಾ ಬಾಯಿ ತೆರೆದಳು. ಕ್ಷಮಿಸಿ ಎಂಬ ಮಾತು ಅಷ್ಟು ದೊಡ್ಡ ಮಂಟಪದಲ್ಲಿ ಬಹಳ ಸಣ್ಣದು ಅನ್ನಿಸಿ ನಿಂತಳು. ತಿಮ್ಮರಾಯಪ್ಪ ಸಾಲು ದಾಟಿ ಬಂದು ಸೊಸೆಯ ಪಕ್ಕದಲ್ಲಿ ನಿಂತ.

"ನಿನ್ನ ಬೈಯೋದು ಆಮೇಲೆ ಐತೆ," ಅಂದ ಹನುಮಂತರಾಯಪ್ಪ. ಅಂಗಿ ಜೇಬಿನಿಂದ ಹಳೆಯ ಬಟನ್ ಫೋನ್ ತೆಗೆದು ಅವಳ ಕೈಗೆ ಕೊಟ್ಟ. "ಮೊದ್ಲು ಆ ಡಾಕ್ಟ್ರಮ್ಮನ ನಂಬರ್ ಆಕ್ಕೊಡು."